ಮೀಸೆಯಿಲ್ಲದ ಫೋಟೋ

ನನ್ನ ಗಂಡನ ಮೀಸೆ ಹೋಗಿ, ವಾಪಸ್ಸು ಬಂದು, ಈಗ ಮೊದಲಿನಷ್ಟೇ ದಪ್ಪವಾಗಿ ಕೂತಿದೆ. ಎರಡು ಕಡೆ ಬಿಳಿ ಸೇರಿಕೊಂಡಿದೆ, ಅಷ್ಟೆ. ಇವತ್ತು ಬೆಳಿಗ್ಗೆ ಸಣ್ಣ ಕತ್ತರಿ ಹಿಡಿದು ಅದನ್ನು ಒಪ್ಪ ಮಾಡುತ್ತ ಅರ್ಧ ಗಂಟೆ ಬಚ್ಚಲುಮನೆ ಬಿಟ್ಟುಕೊಡಲಿಲ್ಲ. ರೈಲು ತಪ್ಪುತ್ತದೆ ಎಂದು ನಾನು ಹೊರಗೆ ನಿಂತು ಚೆನ್ನಾಗಿ ಬೈದೆ. ಬೈಯುವ ಹಾಗಾಯಿತಲ್ಲ ಎಂಬುದೇ ಒಂದು ನೆಮ್ಮದಿ. ಕಳೆದ ವರ್ಷ ಇದೇ ಹೊತ್ತಿನಲ್ಲಿ ನಾನು ಅವರನ್ನು ಬೈಯುವುದನ್ನೇ ಬಿಟ್ಟಿದ್ದೆ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕಂತೆ. "ನೀನು ಬೈತಿಲ್ಲ ಅಂದ್ರೆ ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ" ಎಂದು ಆಮೇಲೆ ಹೇಳಿದರು.

ನಾವಿರುವುದು ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ. ನಾನು, ಅವರು, ಹನ್ನೆರಡು ವರ್ಷದ ಮಗಳು. ಅವರು ಇಂಜಿನಿಯರ್, ರೈಲಿನಲ್ಲಿ ಸಿಟಿಗೆ ಹೋಗಿ ಬರುತ್ತಾರೆ. ನಾನು ಹತ್ತಿರದಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ ತಪ್ಪನ್ನು ಹುಡುಕಿ, ಅದಕ್ಕೊಂದು ನಂಬರು ಕೊಟ್ಟು, ಅವರ ಮುಖಕ್ಕೆ ಹಿಡಿಯುವುದು ನನ್ನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ನನ್ನ ನಾಲಿಗೆ ಸ್ವಲ್ಪ ಉದ್ದವಾಗಿದೆ ಎಂದು ಮನೆಯವರ ದೂರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದವಳು ನಾನೇ.

ಅವರ ಕುತ್ತಿಗೆಯ ಪಕ್ಕ ಒಂದು ಗಂಟು ಕಾಣಿಸಿಕೊಂಡಿತು. ಕಡಲೆಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಸೂಜಿ ಚುಚ್ಚಿ ನೋಡಿದರು, ಸ್ಕ್ಯಾನ್ ಮಾಡಿದರು, ಮತ್ತೆ ಚುಚ್ಚಿದರು. ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಲಿಂಫೋಮಾ ಎಂದರು, ಒಂದು ಬಗೆಯ ಕ್ಯಾನ್ಸರು. ಮೂರು ವಾರಕ್ಕೊಮ್ಮೆ ಕೀಮೋ, ಒಟ್ಟು ಆರು ಸುತ್ತು. ವಾಸಿಯಾಗುವ ಜಾತಿಯದೇ, ಆದರೆ ಆರೂ ಮುಗಿದು ಸ್ಕ್ಯಾನ್ ನೋಡುವವರೆಗೆ ಮಾತು ಕೊಡಲಾರೆ ಎಂದರು. ನನ್ನ ಕಿವಿಯಲ್ಲಿ ಉಳಿದದ್ದು ಮಾತು ಕೊಡಲಾರೆ ಎಂಬುದು ಮಾತ್ರ.

ಕಾರಿನಲ್ಲಿ ಕೂತು ಅವರು ಮೊದಲು ಕೇಳಿದ್ದು, "ಅಪ್ಪನಿಗೆ ಏನ್ ಹೇಳೋದು?"

ಮಾವ ಆಗ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮಗಳ ಮನೆಯಲ್ಲಿದ್ದರು, ಅಂದರೆ ನನ್ನ ನಾದಿನಿಯ ಮನೆಯಲ್ಲಿ. ಅತ್ತೆ ಹೋದ ಮೇಲೆ ಮೈಸೂರು ಬಿಟ್ಟು ಅವಳ ಜೊತೆ ಬಂದವರು. ಎಂಬತ್ತಕ್ಕೆ ಎರಡು ಕಮ್ಮಿ. ಎರಡು ತಿಂಗಳ ಹಿಂದಷ್ಟೇ ಬೈಪಾಸ್ ಆಗಿತ್ತು. ನಾದಿನಿ ಫೋನಿನಲ್ಲಿ ಅತ್ತು ಅತ್ತು, "ಅತ್ತಿಗೆ, ಈಗ ಅಪ್ಪನಿಗೆ ಗೊತ್ತಾದ್ರೆ ನಾವು ಇಬ್ರನ್ನೂ ಕಳ್ಕೋತೀವಿ. ಆ ಕಡೇ ಸ್ಕ್ಯಾನ್ ಆಗೋವರೆಗೂ ಯಾರೂ ಬಾಯಿ ಬಿಡೋದು ಬೇಡ" ಎಂದಳು. ನಮ್ಮ ಮನೆಗೆ ಇದು ಹೊಸದಲ್ಲ. ಅತ್ತೆಗೆ ಕಾಯಿಲೆ ಬಂದಾಗ ಮಾವ ನಮಗೆ ಮೂರು ತಿಂಗಳು ಸುಳಿವೇ ಕೊಟ್ಟಿರಲಿಲ್ಲ. ದೂರದಲ್ಲಿರುವ ಮಕ್ಕಳಿಗೆ ಸಂಕಟ ಯಾಕೆ ಎಂದು. ನಾವು ಹೋಗಿ ತಲುಪುವ ಹೊತ್ತಿಗೆ ಅತ್ತೆಗೆ ನಮ್ಮ ಗುರುತು ಹತ್ತುತ್ತಿರಲಿಲ್ಲ. ಆ ವಿಷಯಕ್ಕೆ ಮಾವನ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಆದರೂ ನಾವು ಹಿಡಿದದ್ದು ಅದೇ ದಾರಿ.

ಮೊದಲನೇ ಕೀಮೋ ದಿನ ನರ್ಸು ಒಂದು ದಪ್ಪ ಸಿರಿಂಜಿನಲ್ಲಿ ಕೆಂಪು ಔಷಧಿ ತಂದಳು. ನೋಡಲು ದಾಸವಾಳದ ಷರಬತ್ತಿನ ಹಾಗಿತ್ತು. ಅದನ್ನು ನಿಧಾನವಾಗಿ ಅವರ ಕೈಯ ನರಕ್ಕೆ ತಳ್ಳುತ್ತಿದ್ದರೆ ನನಗೆ ನೋಡುವುದಕ್ಕೂ ಆಗದು, ಎದ್ದು ಹೋಗುವುದಕ್ಕೂ ಆಗದು. ಕೈಗೊಂದು ಕೆಲಸ ಬೇಕಿತ್ತು. ಅವಳನ್ನು ಕೇಳಿ ಫೋನು ಎತ್ತಿ ಕ್ಯಾಮೆರಾ ತೆರೆದೆ. ಪರದೆಯೊಳಗೆ ಅದು ಬರೀ ಒಂದು ಕೆಂಪು ಗೆರೆ, ಒಂದು ಕೈ, ಒಂದು ನೀಲಿ ಗ್ಲೌಸು. ಅಷ್ಟನ್ನು ನೋಡಬಹುದಿತ್ತು. ಬೆಳಕು ಸಾಕೇ, ಕೈ ಅಲುಗಿತೇ ಎಂದು ಯೋಚಿಸುವಷ್ಟು ಹೊತ್ತು ಮಿಕ್ಕ ಯೋಚನೆಗಳು ಹತ್ತಿರ ಬರಲಿಲ್ಲ. ಅವತ್ತು ಒಂದೇ ಸಮನೆ ತೆಗೆಯುತ್ತ ಹೋದೆ. ಫೋನಿನ ಚಾರ್ಜು ಮುಗಿದ ಮೇಲೆ ಅತ್ತೆ ಬಿಟ್ಟುಹೋದ ಜಪಮಾಲೆಯನ್ನು ಬ್ಯಾಗಿನಿಂದ ತೆಗೆದು ಹಿಡಿದುಕೊಂಡೆ, ಆದರೆ ಅದರಿಂದ ನನಗೆ ಅಷ್ಟು ಸಹಾಯವಾಗಲಿಲ್ಲ.

ಆಮೇಲೆ ಅದೇ ಅಭ್ಯಾಸವಾಗಿಹೋಯಿತು. ದಿಂಬಿನ ಮೇಲೆ ಉದುರಿದ ಕೂದಲು ತೆಗೆದೆ. ಮುಟ್ಟದೆ ತಣ್ಣಗಾದ ಗಂಜಿ ತೆಗೆದೆ. ಮಾತ್ರೆ ಡಬ್ಬಿಯ ಪಕ್ಕ ಮಗಳು ದಿನವೂ ಇಡುತ್ತಿದ್ದ ಒಂದೇ ಒಂದು ಪೆಪ್ಪರ್ಮೆಂಟನ್ನೂ ತೆಗೆದೆ. ವಾಂತಿ ಮಾಡಿ ಬಂದು ಬಚ್ಚಲ ಬಾಗಿಲಿಗೆ ಒರಗಿ ನಿಂತವರನ್ನೂ ಬಿಡಲಿಲ್ಲ. ಇದೆಂಥ ಹೆಂಗಸು ಎಂದು ಯಾರಾದರೂ ಅಂದರೆ ಅನ್ನಲಿ. ಕ್ಯಾಮೆರಾ ಇಲ್ಲದಿದ್ದರೆ ನಾನು ಆ ಬಾಗಿಲ ಮುಂದೆ ನಿಲ್ಲುತ್ತಲೇ ಇರಲಿಲ್ಲ, ಅಡುಗೆಮನೆಗೆ ಓಡಿಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಮೊದಮೊದಲು ಅವರಿಗೆ ರೇಗುತ್ತಿತ್ತು. "ನಾನೇನು ಮೈಸೂರು ಅರಮನೆನಾ, ಎಲ್ಲಾ ಕಡೆಯಿಂದ್ಲೂ ಹೊಡೀತಿದೀಯಲ್ಲ?"

"ಅರಮನೆ ಇಷ್ಟು ಮಾತಾಡಲ್ಲ. ಸುಮ್ನೆ ಈ ಕಡೆ ತಿರುಗ್ರೀ."

ಬರಬರುತ್ತ ಅವರೇ, "ಇವತ್ತಿಂದು ತೆಗೆದ್ಯಾ?" ಎಂದು ಕೇಳತೊಡಗಿದರು. ಫೋಟೋ ಆಯಿತೆಂದರೆ ಆ ದಿನವೊಂದು ದಾಟಿತು ಎಂದು ಅವರಿಗೆ ಅನ್ನಿಸುತ್ತಿತ್ತಂತೆ. ನನಗೂ ಹಾಗೆಯೇ ಅನ್ನಿಸುತ್ತಿತ್ತು, ಆದರೆ ಹೇಳಿರಲಿಲ್ಲ.

ತಲೆಕೂದಲು ಹೋದದ್ದಕ್ಕೆ ಅವರು ಅಷ್ಟೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಉಳಿದದ್ದನ್ನು ಮಗಳೇ ಟ್ರಿಮ್ಮರ್ ಹಿಡಿದು ನುಣ್ಣಗೆ ಮಾಡಿದಳು. ಮೀಸೆಗೆ ಮಾತ್ರ ಯಾರೂ ಕೈ ಹಚ್ಚುವಂತಿರಲಿಲ್ಲ. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯಬಾರದು ಎಂಬುದು ಅವರ ಮನೆಯ ಕಟ್ಟುನಿಟ್ಟು. ತಲೆ, ಮೀಸೆ ಎರಡನ್ನೂ ಬೋಳಿಸುವುದು ಅಪ್ಪ ತೀರಿಕೊಂಡಾಗ, ಕರ್ಮಕ್ಕೆ ಕೂರುವುದಕ್ಕೆ. ಕಾಲೇಜಿನಲ್ಲಿದ್ದಾಗ ಇವರೊಮ್ಮೆ ಸ್ಟೈಲಿಗೆಂದು ಮೀಸೆ ತೆಗೆಸಿ ಮನೆಗೆ ಹೋದರೆ ಮಾವ, "ನಾನು ಸತ್ತಿದ್ದು ನನಗೇ ಗೊತ್ತಾಗ್ಲಿಲ್ವಲ್ಲಪ್ಪ" ಎಂದವರು ಎರಡು ವಾರ ಮಾತು ಬಿಟ್ಟಿದ್ದರಂತೆ.

ಕೀಮೋಗೆ ಇದೆಲ್ಲ ಎಲ್ಲಿ ಗೊತ್ತು. ಮೂರನೇ ಸುತ್ತಿನ ಹೊತ್ತಿಗೆ ಮೀಸೆ ಅಲ್ಲಲ್ಲಿ ಉದುರಿ ಸವೆದ ಬ್ರಶ್ಶಿನ ಹಾಗಾಗಿತ್ತು. ತೆಗೆದುಬಿಡಿ ಎಂದೆ. "ತಾನಾಗೇ ಬಿದ್ರೆ ಬೀಳ್ಲಿ, ನಾನಾಗಿ ತೆಗಿಯಲ್ಲ. ಅಪ್ಪ ಇದಾರೆ" ಎಂದರು. ನಾಲ್ಕನೇ ಸುತ್ತಿಗೆ ಅದು ತಾನಾಗಿಯೇ ಹೋಯಿತು, ಜೊತೆಗೆ ಹುಬ್ಬೂ ಹೋಯಿತು. ಅವರು ಕನ್ನಡಿ ನೋಡಿಕೊಂಡು, "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ನನಗೆ ಮಣ್ಣಾಗೋಕೆ ಮೀಸೆನೇ ಇಲ್ಲ" ಎಂದು ನಕ್ಕರು. ಆಮೇಲೆ ಮಂಚದ ಮೇಲೆ ಕೂತು ಬಹಳ ಹೊತ್ತು ಬೆರಳಲ್ಲಿ ಮೇಲ್ದುಟಿ ಸವರಿಕೊಳ್ಳುತ್ತಿದ್ದರು. ಅದನ್ನು ಮಾತ್ರ ನಾನು ತೆಗೆಯಲಿಲ್ಲ.

ಇಷ್ಟರ ನಡುವೆ ಭಾನುವಾರಕ್ಕೊಂದು ಫೋಟೋ ಮಾವನಿಗೆ ಹೋಗಲೇಬೇಕಿತ್ತು. ನಮ್ಮ ಮನೆಯವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಮಾವ, ನಾದಿನಿ, ಮೈಸೂರಿನ ಒಂದಷ್ಟು ನೆಂಟರು, ಮತ್ತೆ ಪರ್ತ್‌ನ ಮೋರ್ಲಿಯಲ್ಲಿ ಮಗನ ಜೊತೆ ಇರುವ ಚಿಕ್ಕತ್ತೆ. ಚಿಕ್ಕತ್ತೆ ಎಂದರೆ ಮಾವನ ತಮ್ಮನ ಹೆಂಡತಿ. ಯಾರು ಏನೇ ಹಾಕಲಿ, ಮೊದಲು ಕೈಮುಗಿಯುವವರು ಅವರು. ವೀಡಿಯೋ ಕಾಲ್ ಬೇಡವೆನ್ನಲು ಆಫೀಸಿನ ಕೆಲಸ ಇತ್ತು, ಕೆಟ್ಟ ನೆಟ್‌ವರ್ಕ್ ಇತ್ತು. ಫೋಟೋಗೆ ಅಡಿಲೇಡಿನ ಚಳಿಗಾಲ ನೆರವಾಯಿತು. ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆಯುತ್ತಿದ್ದೆ. ಮೀಸೆ ಮುಚ್ಚಲು ಏನು ಮಾಡುವುದೆಂದು ತಲೆ ಕೆರೆದುಕೊಂಡು, ಕಾಫಿ ಲೋಟವನ್ನು ತುಟಿಗೆ ಇಡಿಸಿದೆ. ಹಾಗಾಗಿ ಐದು ವಾರಗಳ ಎಲ್ಲ ಫೋಟೋಗಳಲ್ಲೂ ನನ್ನ ಗಂಡ ಕಾಫಿ ಕುಡಿಯುತ್ತಲೇ ಇದ್ದಾರೆ. ನಿಜಕ್ಕೆ ಆಗ ಅವರಿಗೆ ಕಾಫಿಯ ವಾಸನೆಯೇ ಆಗುತ್ತಿರಲಿಲ್ಲ, ಲೋಟ ಖಾಲಿ. "ಭಾನುವಾರ ಅಲ್ವಾ, ಅರಮನೆಗೆ ಲೈಟ್ ಹಾಕು" ಎಂದು ತಾವೇ ಟೋಪಿ ತಂದುಕೊಂಡು ಕೂರುತ್ತಿದ್ದರು.

"ಇವನೇನಮ್ಮ ಇಷ್ಟು ಕಾಫಿ ಕುಡೀತಾನೆ? ಪಿತ್ತ ಆಗುತ್ತೆ ಅಂತ ಹೇಳು" ಎಂದು ಮಾವ ಒಮ್ಮೆ ಫೋನಿನಲ್ಲಿ ಹೇಳಿದರು.

"ಹೇಳ್ತೀನಿ ಮಾವ" ಎಂದೆ. ಫೋನಿಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾಲ್ಕನೇ ಸುತ್ತಾದ ಎರಡನೇ ಭಾನುವಾರ. ಹಿತ್ತಲಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು. ಉಣ್ಣೆ ತಾಗಿದರೆ ಮೈ ಕಡಿಯುತ್ತದೆ ಎಂದು ಅವರು ಸ್ವೆಟರ್ ತೆಗೆದು ಬಿಳಿ ಪಂಚೆಯೊಂದನ್ನು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಟೋಪಿ ಇಲ್ಲ, ಕಾಲಿಗೆ ಏನೂ ಇಲ್ಲ. ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದ್ದರು. ಎರಡೂವರೆ ತಿಂಗಳಲ್ಲಿ ಮೊದಲ ಸಲ ಆ ಮುಖದಲ್ಲಿ ನೋವಿರಲಿಲ್ಲ. ಸದ್ದಿಲ್ಲದೆ ಒಂದು ತೆಗೆದೆ. ನಾನು ತೆಗೆದದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಅದು. ಆಮೇಲೆ ಟೋಪಿ ಹಾಕಿಸಿ, ಲೋಟ ಹಿಡಿಸಿ ಭಾನುವಾರದ ಫೋಟೋ ತೆಗೆದೆ. ಎರಡೂ ಫೋನಿನಲ್ಲಿ ಅಕ್ಕಪಕ್ಕ ಕೂತವು. ಒಳಗೆ ಒಗ್ಗರಣೆ ಸೀಯುತ್ತಿತ್ತು. ಓಡುತ್ತಲೇ ಒಂದನ್ನು ಒತ್ತಿ ಗುಂಪಿಗೆ ಕಳಿಸಿದೆ.

ಮಗಳು ತನ್ನ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅವತ್ತು ಮೆಲ್ಲಗೆ, "ಅಮ್ಮಾ, ರಾಂಗ್ ಫೋಟೋ" ಎಂದಳು.

ಮೂರು ನಿಮಿಷವೂ ಆಗಿರಲಿಲ್ಲ, ಅಳಿಸಿದೆ. ಸಂದೇಶ ಅಳಿಸಲಾಗಿದೆ ಎಂಬ ಒಂದು ಸಾಲು ಅಲ್ಲಿ ಉಳಿಯಿತು. ಅದರ ಕೆಳಗೆ ಟೋಪಿ, ಲೋಟದ್ದನ್ನು ಹಾಕಿದೆ. ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಯಾರೂ ನೋಡಿಲ್ಲ ಎಂದುಕೊಂಡೆ. ಆದರೆ ಚಿಕ್ಕತ್ತೆ ಕೈಮುಗಿದಿರಲಿಲ್ಲ, ಅದನ್ನು ಗಮನಿಸಬೇಕಿತ್ತು.

ಚಿಕ್ಕತ್ತೆ ನೋಡಿದ್ದರು. ಬೋಳು ತಲೆ, ಮೀಸೆ ಇಲ್ಲ, ಮೈಮೇಲೆ ಬಿಳಿ ಪಂಚೆ, ಬರಿಗಾಲು. ನನಗೆ ಆಮೇಲೆ ಕಂಡದ್ದು, ಹಿಂದಿನ ಬೇಲಿಯ ಮೇಲೆ ಒಂದು ಕಾಗೆಯೂ ಕೂತಿತ್ತು. ನಮ್ಮವರ ಕಣ್ಣಿಗೆ ಅದಕ್ಕೆ ಇರುವುದು ಒಂದೇ ಅರ್ಥ, ಮಗ ಅಪ್ಪನ ಕರ್ಮ ಮಾಡಿ ಕೂತಿದ್ದಾನೆ. ಅದನ್ನು ಹಾಕಿ, ಅಳಿಸಿ, ಮುಚ್ಚಿಟ್ಟಿದ್ದಾರೆ ಅಂದಮೇಲೆ ಅವರಿಗೆ ಅನುಮಾನವೇ ಉಳಿಯಲಿಲ್ಲ. ಅಳುತ್ತಲೇ ಬ್ರಿಸ್ಬೇನಿಗೆ ನಾದಿನಿಯ ಫೋನಿಗೆ ಕರೆ ಮಾಡಿದರು. ನಾದಿನಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮೇಜಿನ ಮೇಲಿದ್ದ ಫೋನು ಎತ್ತಿದ್ದು ಮಾವ.

ಹಲೋ ಅನ್ನಲೂ ಬಿಡದೆ ಚಿಕ್ಕತ್ತೆ, "ಭಾವ ಹೋಗ್ಬಿಟ್ರಲ್ಲೇ. ನಮಗೊಂ‌ದು ಮಾತು ಹೇಳ್ಬಾರದಿತ್ತಾ? ಕಡೇ ಸಲ ಮುಖ ನೋಡೋಕೂ ಇಲ್ದಂಗ್ ಮಾಡಿದ್ರಲ್ಲೇ" ಎಂದು ಗೋಳೋ ಎಂದರಂತೆ.

ಮಾವ ಪೂರ್ತಿ ಕೇಳಿಸಿಕೊಂಡು, "ಹೋಗಿಲ್ಲಮ್ಮ. ಈಗಷ್ಟೇ ಉಪ್ಪಿಟ್ಟು ತಿಂದೆ" ಎಂದರಂತೆ.

ಆ ಕಡೆ ಫೋನು ಕೆಳಗೆ ಬಿದ್ದ ಸದ್ದು ಕೇಳಿತಂತೆ. ಈಗ ಇದನ್ನು ಹೇಳಿಕೊಂಡು ಎಲ್ಲರೂ ಹೊಟ್ಟೆ ಹಿಡಿದು ನಗುತ್ತೇವೆ, ಚಿಕ್ಕತ್ತೆಯಂತೂ ಎಲ್ಲರಿಗಿಂತ ಹೆಚ್ಚು. ಅವತ್ತು ಮಾವ ಅವರಿಗೆ ಸಮಾಧಾನ ಹೇಳಿ, ಹಾಗೆ ಯಾಕೆ ಅಂದುಕೊಂಡೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ ನನಗೆ ವೀಡಿಯೋ ಕಾಲ್ ಮಾಡಿದರು.

"ನೋಡಮ್ಮ, ನಾನಂತೂ ಬದುಕಿದೀನಿ. ಹಂಗಾದ್ರೆ ಅವನು ಮೀಸೆ ಯಾಕೆ ತೆಗ್ದ?"

ಹೇಳಲು ಸುಳ್ಳುಗಳೇನು ಕಮ್ಮಿ ಇರಲಿಲ್ಲ. ಹರಕೆ ಅನ್ನಬಹುದಿತ್ತು, ಚರ್ಮದ ಅಲರ್ಜಿ ಅನ್ನಬಹುದಿತ್ತು. ಇಷ್ಟುದ್ದ ಇರುವ ನನ್ನ ನಾಲಿಗೆ ಅವತ್ತು ಏಳಲಿಲ್ಲ. ಗಂಡ ನನ್ನ ಕೈಯಿಂದ ಫೋನು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಟೋಪಿ ತೆಗೆದರು. "ನಾನು ತೆಗೀಲಿಲ್ಲಪ್ಪ. ಅದಾಗೇ ಬಿತ್ತು" ಎಂದರು. ಆಮೇಲೆ ಗಂಟು, ಕೀಮೋ, ಉಳಿದ ಎರಡು ಸುತ್ತು, ಕಡೆಯ ಸ್ಕ್ಯಾನು, ಎಲ್ಲ ಹೇಳಿದರು. ಮಾವನ ಹಿಂದೆ ನಾದಿನಿ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಮಾವನ ಕೈ ಎದೆಯ ಹೊಲಿಗೆಯ ಕಡೆ ಹೋಯಿತು. ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮಗಳ ಕಡೆ ತಿರುಗಿ, "ಅಡಿಲೇಡಿಗೆ ಟಿಕೆಟ್ ಮಾಡ್ಸು" ಎಂದರು.

ಬುಧವಾರ ಇಬ್ಬರೂ ಬಂದರು. ಮಾವ ಮಗನ ತಲೆಯ ಮೇಲೆ ಅಂಗೈ ಇಟ್ಟು, ಹಾಗೇ ಸ್ವಲ್ಪ ಹೊತ್ತು ನಿಂತರು. ಊಟವಾದ ಮೇಲೆ ನನ್ನನ್ನು ಕರೆದು, "ಫೋಟೋ ಎಲ್ಲಾ ತೋರ್ಸು. ಮೊದಲಿಂದ" ಎಂದರು. ಹಿಂದಿನಿಂದ ನಾದಿನಿ ಬೇಡ ಬೇಡ ಎಂದು ತಲೆಯಾಡಿಸಿದಳು.

"ನಿಮಗೆ ನೋಡೋಕಾಗಲ್ಲ ಮಾವ."

"ನೀನು ನೋಡಿದೀಯಲ್ಲ? ಒಬ್ಬಳೇ ನೋಡಿದೀಯ. ತೋರ್ಸು."

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ಕೆಂಪು ಸಿರಿಂಜು, ಕೂದಲು, ಗಂಜಿ, ಬಚ್ಚಲ ಬಾಗಿಲು. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ, "ಇದು ಯಾವತ್ತಿಂದು? ಅವತ್ತು ನಾನೇನ್ ಮಾಡ್ತಿದ್ದೆ?" ನೆನಪಿದ್ದದ್ದನ್ನು ಹೇಳುತ್ತಿದ್ದೆ. ಬಚ್ಚಲ ಬಾಗಿಲಿನ ಫೋಟೋ ನೋಡಿ ಅವರೇ ನೆನಪು ಮಾಡಿಕೊಂಡರು. "ಅವತ್ತು ಸಂಜೆ ನಿನಗೆ ಫೋನ್ ಮಾಡಿ ಅರ್ಧ ಗಂಟೆ ನನ್ನ ಮಂಡಿ ನೋವು ಹೇಳ್ಕೊಂಡೆ. ನೀನು ಎಣ್ಣೆ ಹಚ್ಚಿ ಅಂದೆ." ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮತ್ತೆ ವಿಷಯದಲ್ಲಿ ನಾನೂ ಹೀಗೇ ಮಾಡ್ದೆ. ಒಳ್ಳೇದಕ್ಕೇ ಅಂತ ಮಾಡ್ದೆ. ನೀನು ತೋರ್ಸೋಕೆ ಇಷ್ಟಾದ್ರೂ ಇಟ್ಟಿದೀಯ. ನಾನು ನಿಮಗೆ ಅದನ್ನೂ ಇಡ್ಲಿಲ್ಲ."

ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ನಾನು ಜೋರಾಗಿ ಅತ್ತೆ. ಅಷ್ಟು ದಿನದಲ್ಲಿ ಯಾರ ಮುಂದೆಯೂ ಅತ್ತಿರಲಿಲ್ಲ.

ಕೊನೆಯದು ಭಾನುವಾರ ತಪ್ಪಿ ಕಳಿಸಿದ್ದ ಆ ಫೋಟೋ. ಅದನ್ನು ಬೇಗ ದಾಟಿಸಿಬಿಡೋಣ ಎಂದುಕೊಂಡರೆ ಮಾವ ನನ್ನ ಕೈ ಹಿಡಿದು ತಡೆದರು. ಹತ್ತಿರ ಬಾಗಿ ಬಹಳ ಹೊತ್ತು ನೋಡಿದರು.

"ನಾನು ಹೋದಾಗ ಇವನು ಹೀಗೇ ಕೂರ್ತಾನೆ" ಎಂದರು. "ಕೂರ್ಲಿ. ಅದು ನ್ಯಾಯ. ಇವನಿಗೋಸ್ಕರ ನಾನು ಕೂರೋ ಹಂಗೆ ಮಾತ್ರ ಆಗ್ಬಾರದು."

ಇಷ್ಟು ದಿನ ನಾವು ಯಾರೂ ಬಾಯಿಬಿಟ್ಟು ಹೇಳದೆ ಇದ್ದ ಮಾತು ಅದು. ಸೋಫಾದ ಮೇಲಿದ್ದ ನನ್ನ ಗಂಡನಿಗೂ ಕೇಳಿಸಿತು. ಅವರು ಎದ್ದು ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತರು.

ನಾದಿನಿ ಮೂರು ದಿನವಿದ್ದು ಹೋದಳು. ಮಾವ ಹೋಗಲಿಲ್ಲ. "ಮೀಸೆ ಬರೋವರೆಗೂ ನಾನು ಇಲ್ಲೇ" ಎಂದರು. ಐದನೇ ಸುತ್ತಿಗೂ ಆರನೇ ಸುತ್ತಿಗೂ ಆಸ್ಪತ್ರೆಗೆ ಬಂದು, ಕೆಂಪು ಔಷಧಿ ಹೋಗುವಾಗ ಮಗನ ಇನ್ನೊಂದು ಕೈ ಹಿಡಿದು ಕೂತರು. ನಾನು ಫೋಟೋ ತೆಗೆದೆ, ಆದರೆ ಮೊದಲಿನಷ್ಟು ತೆಗೆಯಬೇಕು ಅನ್ನಿಸಲಿಲ್ಲ. ಮನೆಯಲ್ಲಿ ಮಾತಾಡಲು ಜನ ಇದ್ದರು. ಮಾವನ ಹೃದಯ, ಒಡೆದೇ ಹೋಗುತ್ತದೆ ಎಂದು ನಾವು ಅಷ್ಟೆಲ್ಲ ನಾಟಕ ಮಾಡಿದ ಹೃದಯ, ನಮ್ಮೆಲ್ಲರದಕ್ಕಿಂತ ಗಟ್ಟಿಯಾಗಿ ಹೊಡೆದುಕೊಳ್ಳುತ್ತಿತ್ತು.

ಕಡೆಯ ಸ್ಕ್ಯಾನಿನ ಫಲಿತಾಂಶಕ್ಕೆ ನಾವಿಬ್ಬರೇ ಹೋದೆವು. ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿ, ಎಲ್ಲೂ ಕಾಣಿಸುತ್ತಿಲ್ಲ, ಇನ್ನು ಆಗಾಗ ಬಂದು ತೋರಿಸಿಕೊಂಡರೆ ಸಾಕು ಎಂದರು. ನನಗೆ ನಂಬಿಕೆ ಬರದೆ ಮತ್ತೊಮ್ಮೆ ಹೇಳಿಸಿದೆ. ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟಿಗೆ ಒರಗಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಮನೆ ತಲುಪಿದ ಮೇಲೆ ನೆನಪಾಯಿತು, ಅವತ್ತು ಒಂದೂ ಫೋಟೋ ತೆಗೆದಿರಲಿಲ್ಲ. ಮಾವ ಬಾಗಿಲಲ್ಲೇ ನಿಂತಿದ್ದರು. ಮಗ ವಿಷಯ ಹೇಳಿದಾಗ, "ಹೂಂ" ಎಂದು ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡರು. ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗೆ ಬಂದವರು ಕಾಫಿ ಕೇಳಿದರು.

ಮೀಸೆ ನಿಧಾನವಾಗಿ ಬಂತು. ಮೊದಲು ಎಳೆ ಜೋಳದ ನವಿರಿನಂಥ ಕೂದಲು, ಆಮೇಲೆ ಅಲ್ಲಲ್ಲಿ ಕಪ್ಪು. ವಾರಕ್ಕೊಮ್ಮೆ ಹತ್ತಿರದಿಂದ ಒಂದು ತೆಗೆದು ಮಾವನಿಗೆ ತೋರಿಸಬೇಕು, ಅವರು ಅದನ್ನು ಹಿಂದಿನ ವಾರದ ಜೊತೆ ಹೋಲಿಸಿ ಪಾಸೋ ಫೇಲೋ ಹೇಳಬೇಕು. ಬೇಸಿಗೆ ಬಂದು, ಮೀಸೆ ಮೀಸೆಯ ಹಾಗೆ ಕಾಣತೊಡಗಿದ ಮೇಲೆ ನಾದಿನಿ ಬ್ರಿಸ್ಬೇನಿಗೆ ಟಿಕೆಟ್ ಮಾಡಿದಳು.

ಹೊರಡುವ ಹಿಂದಿನ ಭಾನುವಾರ ಮಾವ ನನ್ನ ಫೋನು ಕೇಳಿ ತೆಗೆದುಕೊಂಡರು. ಮಗನನ್ನು ಹಿತ್ತಲಲ್ಲಿ ಅದೇ ಕುರ್ಚಿಯಲ್ಲಿ ಕೂರಿಸಿದರು. ಲೋಟದ ತುಂಬ ನಿಜವಾದ ಕಾಫಿ. "ಲೋಟ ಕೆಳಗಿಡೋ, ಮುಖ ಕಾಣ್ಲಿ" ಎಂದರು. ಅವರು ಜೀವಮಾನದಲ್ಲಿ ಫೋಟೋ ತೆಗೆದವರಲ್ಲ. ಫೋನು ಓರೆಯಾಗಿತ್ತು, ಕುರ್ಚಿಯ ಕಾಲು ಕತ್ತರಿಸಿಹೋಗಿತ್ತು, ಮೂಲೆಯಲ್ಲಿ ಅವರ ಹೆಬ್ಬೆರಳು ದೊಡ್ಡದಾಗಿ ಬಂದಿತ್ತು. ನಡುವೆ ನನ್ನ ಗಂಡ, ಮೀಸೆ, ನಗು.

"ಕೊಡಿ ಮಾವ, ಆ ಬೆರಳು ತೆಗೆದು ಸರಿ ಮಾಡಿ ಹಾಕ್ತೀನಿ" ಎಂದೆ. ತಪ್ಪು ಕಂಡರೆ ಸುಮ್ಮನಿರಲು ನನಗೆ ಆಗುವುದಿಲ್ಲ.

"ಅದು ಇರ್ಲಿ" ಎಂದರು. ಗುಂಪಿಗೆ ಹಾಕುವುದು ಹೇಗೆಂದು ಮೊಮ್ಮಗಳನ್ನು ಕೇಳಿಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಫೋಟೋದ ಕೆಳಗೆ ಬರೆದರು: "ಇಬ್ಬರೂ ಇದ್ದೇವೆ."